ಹುಣಸೆ ಹಲಗೆಯಲ್ಲಿ ಬೂಷ್ಟಿನ ಚಿತ್ತಾರ

ಮಸ್ಕಿಯಿಂದ ಪಾಮನಕಲ್ಲೂರಿನ ಕಡೆ ಹೊರಟವರಿಗೆ ಮೊದಲು ಕಾಣುವುದು ಬಯಲು. ಕಪ್ಪು ಎರೆಭೂಮಿ, ನಡುನಡುವೆ ಯಾರೋ ಪೇರಿಸಿಟ್ಟಂತಿರುವ ಬಂಡೆಗುಡ್ಡಗಳು, ಹೊಲದ ಬದುವಿನಲ್ಲಿ ಬೇವು, ಜಾಲಿ, ಹುಣಸೆ. ರಾಯಚೂರು ಜಿಲ್ಲೆಯ ಈ ಊರು ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿತ್ತು. ಮಸ್ಕಿ ಹೊಸ ತಾಲ್ಲೂಕಾದ ಮೇಲೆ ಅದಕ್ಕೆ ಸೇರಿತು. ನೀರು ಇಲ್ಲಿನ ಹಳೆಯ ಕೊರಗು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020-21ರಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕುಳಿತದ್ದು ಇದೇ ಊರಿನಲ್ಲಿ.

ಇಂಥ ಒಣಸೀಮೆಯಲ್ಲಿ ಮರಕ್ಕೆ ಬೆಲೆ ಹೆಚ್ಚಿರಬೇಕು. ಆದರೆ ಮಳೆಗಾಳಿಗೆ ಮುದಿ ಹುಣಸೆಯೊಂದು ಉರುಳಿತೆನ್ನಿ, ಅದರ ಹಾದಿ ಸಾಮಾನ್ಯವಾಗಿ ಒಲೆಗೆ ಅಥವಾ ಇದ್ದಿಲಿಗೆ. ಹಿತ್ತಿಲಲ್ಲಿ ಒಂದು ಮಳೆಗಾಲ ನೆನೆದು ಬಿದ್ದಿದ್ದ ತುಂಡನ್ನು ಸೀಳಿದಾಗ ಒಳಗೆ ಕಪ್ಪು ಗೆರೆಗಳು ಕಾಣುತ್ತವೆ. ನದಿ, ದಂಡೆ, ಗಡಿಗಳನ್ನು ತೋರಿಸುವ ಭೂಪಟದ ಹಾಗೆ ಅವು ಹಲಗೆಯ ತುಂಬ ಹರಿದಿರುತ್ತವೆ. ‘ಕಟಿಗಿ ಕೆಟ್ಟೈತಿ, ಒಲಿಗೆ ಹಾಕ್ರಿ’ ಎನ್ನುವುದು ಸಹಜವಾದ ಮಾತು. ಆದರೆ ಆ ಕಟ್ಟಿಗೆ ನಿಜವಾಗಿಯೂ ಕೆಟ್ಟಿದೆಯೇ?

ಕಟ್ಟಿಗೆ ಕೆಡುವುದು ಯಾವಾಗ, ಉಳಿಯುವುದು ಯಾವಾಗ ಎಂಬುದಕ್ಕೆ ಈ ಸೀಮೆಯ ನೆಲದೊಳಗೇ ಒಂದು ಸಾಕ್ಷಿಯಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ ಪ್ರಾಚೀನರು ಅಗೆದ ಸುರಂಗಗಳಿವೆ. ಅಲ್ಲಿ ಸಿಕ್ಕ ಮರದ ತುಂಡುಗಳನ್ನು ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಅವಕ್ಕೆ ಸುಮಾರು ಎರಡು ಸಾವಿರ ವರ್ಷ ವಯಸ್ಸೆಂದು ತಿಳಿಯಿತು. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದ ಸಿ. ಬೀಡನ್ ಕೂಡ ಚಿನ್ನದ ಗಣಿಯ ಎಂಜಿನಿಯರೇ. ಕಲ್ಲಿನ ಅಕ್ಷರ ಉಳಿದದ್ದು ಸೋಜಿಗವಲ್ಲ, ಕಟ್ಟಿಗೆ ಉಳಿದದ್ದು ಸೋಜಿಗ. ಕಾರಣ ಸರಳ. ಮರವನ್ನು ತಿನ್ನುವ ಶಿಲೀಂಧ್ರಕ್ಕೆ, ಅಂದರೆ ಬೂಷ್ಟಿಗೆ, ನೀರು ಮತ್ತು ಗಾಳಿ ಎರಡೂ ಬೇಕು. ಪೂರಾ ಒಣಗಿದ ಮರವೂ ಬಾಳುತ್ತದೆ, ಗಾಳಿಯಾಡದ ಆಳದಲ್ಲಿರುವ ಮರವೂ ಬಾಳುತ್ತದೆ. ಕೊಳೆಯುವುದು ಇವೆರಡರ ನಡುವಿನ ಸ್ಥಿತಿಯಲ್ಲಿ.

ಕಪ್ಪು ಗೆರೆ ಮೂಡುವುದು ಈ ನಡುವಿನ ಸ್ಥಿತಿಯ ಮೊದಲ ಹಂತದಲ್ಲಿ. ಒಂದೇ ತುಂಡಿಗೆ ಬೇರೆ ಬೇರೆ ಶಿಲೀಂಧ್ರಗಳು ಲಗ್ಗೆಯಿಟ್ಟಾಗ ಪ್ರತಿಯೊಂದೂ ತನ್ನ ಪಾಲಿನ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ನಮ್ಮ ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಜಾತಿಯ ವಸ್ತುವೇ ಆ ಗೋಡೆಗೂ ಕಪ್ಪು ಕೊಡುತ್ತದೆ. ಹೊಲದ ಪಾಲಿಗೆ ಅಣ್ಣತಮ್ಮಂದಿರು ಬದು ಹಾಕಿಕೊಂಡ ಹಾಗೆ! ಹುಣಸೆಯ ಹೊರಭಾಗದ ಕಟ್ಟಿಗೆ ಅಗಲವಾಗಿಯೂ ಬೆಳ್ಳಗೂ ಇರುವುದರಿಂದ ಅದರಲ್ಲಿ ಈ ಗೆರೆಗಳು ಎದ್ದು ಕಾಣುತ್ತವೆ. ಇಂಥ ಗೆರೆಯ ಹುಣಸೆಯನ್ನು ಹೊರದೇಶಗಳ ಮರಗೆಲಸದವರು ಹಣ ಕೊಟ್ಟು ಕೊಳ್ಳುತ್ತಾರೆ. ಇದು ಹೊಸ ಶೋಕಿಯೂ ಅಲ್ಲ. 15ನೇ ಶತಮಾನದ ಇಟಲಿಯಲ್ಲಿ ಕುಶಲಕರ್ಮಿಗಳು ಶಿಲೀಂಧ್ರದಿಂದ ಹಸಿರಾದ ಕಟ್ಟಿಗೆಯ ಚೂರುಗಳನ್ನು ಹೆಕ್ಕಿ, ಗೋಡೆಯ ಹಲಗೆಗಳಲ್ಲಿ ಚಿತ್ರವಾಗಿ ಕೂರಿಸಿದ್ದರು. ಆ ಹಸಿರು ಬಂದದ್ದು ಶಿಲೀಂಧ್ರದಿಂದಲೇ ಎಂದು ಸಂಶೋಧಕರು 1992ರಲ್ಲಿ ಪ್ರಕಟಿಸಿದರು.

ಅಂಥ ಹಲಗೆಗೆ ಪಾಮನಕಲ್ಲೂರಿನಂಥ ಊರಿನ ಮನೆಯಲ್ಲಿ ಎಲ್ಲಿ ಜಾಗ? ಈ ಭಾಗದ ಹಳೆಯ ಮನೆಗಳಲ್ಲಿ ಮಲಗಲೆಂದೇ ಬೇರೆ ಕೋಣೆ ಇರುತ್ತಿದ್ದುದು ಕಡಿಮೆ. ಇದ್ದದ್ದು ಹೊರಸು. ಹಗಲು ಗೋಡೆಗೆ ಒರಗುವ ಅದು ರಾತ್ರಿ ಅಂಗಳಕ್ಕೆ ಬರುತ್ತಿತ್ತು. ನಾಲ್ಕು ಕಾಲು, ನಾಲ್ಕು ಪಟ್ಟಿ, ನಡುವೆ ಪುಂಡಿನಾರಿನ ಹಗ್ಗದ ಹೆಣಿಕೆ. ಬಡಿಗರು ಬಾಚಿಯಿಂದ ಕೆತ್ತಿ, ಉಳಿಯಿಂದ ಕಾಲಿಗೆ ಚೌಕ ತೂತು ಕೊರೆದು, ಪಟ್ಟಿಯ ತುದಿಯನ್ನು ಅದರೊಳಗೆ ಬಡಿದು ಕೂರಿಸುತ್ತಿದ್ದರು. ಕಬ್ಬಿಣದ ಮೊಳೆಯಿಲ್ಲದೆಯೂ ಬಿಗಿ ನಿಲ್ಲುತ್ತಿತ್ತು. ಹಗ್ಗ ಸಡಿಲವಾದರೆ ಕಾಲಿನ ಕಡೆಯ ಬಿಗಿಹಗ್ಗ ಜಗ್ಗಿದರಾಯಿತು. ಸಿಮೆಂಟಿನ ಮನೆ, ಕಬ್ಬಿಣದ ಮಂಚ, ಪ್ಲೈವುಡ್ ಬಂದ ಮೇಲೆ ಹೊರಸಿನ ಕೆಲಸ ಇಳಿಯಿತು. ಸುಗ್ಗಿಯಲ್ಲಿ ಕಾಳಿನ ಆಯ ಪಡೆದು ಊರಿನ ಕೂರಿಗೆ, ಬಂಡಿ, ಬಾಗಿಲುಗಳನ್ನು ನೋಡಿಕೊಳ್ಳುತ್ತಿದ್ದ ಬಡಿಗರ ಕಸುಬೂ ಅದರೊಂದಿಗೆ ಸೊರಗಿತು.

ಅದೇ ಹಳೆಯ ವಿದ್ಯೆಗೆ ಗೆರೆಯ ಹುಣಸೆಯನ್ನು ಜೋಡಿಸಬಹುದು. ಆದರೆ ಭಾರ ಹೊರುವ ಜಾಗಕ್ಕೆ ಬೂಷ್ಟಿನ ಕಟ್ಟಿಗೆ ಸಲ್ಲದು. ಕಾಲು ಮತ್ತು ಪಟ್ಟಿಗೆ ಕರಿಜಾಲಿಯ ಅಥವಾ ಬೇವಿನ ಗಟ್ಟಿ ಚೇಗು ಇರಲಿ. ತಲೆಕಡೆಯ ಹಲಗೆ, ಗೋಡೆಯ ಗೂಡಿನ ಬಾಗಿಲು, ಪುಸ್ತಕವಿಡುವ ಸಣ್ಣ ಮೇಜಿನ ಮೇಲ್ಮೈ ಇಂಥವಕ್ಕೆ ಹುಣಸೆ ಬರಲಿ.

ವಿಧಾನ ಕಷ್ಟವಲ್ಲ, ತಾಳ್ಮೆ ಬೇಕು. ಮುಂಗಾರಿನಲ್ಲಿ ಬಿದ್ದ ಮರದ ತುಂಡನ್ನು ನೆರಳಿನಲ್ಲಿ ಮಣ್ಣಿನ ಮೇಲೆ ಇಟ್ಟು, ಒದ್ದೆ ಗೋಣಿಚೀಲ ಹೊದಿಸಬೇಕು. ತೇವ ಇರಬೇಕು, ನೀರು ನಿಲ್ಲಬಾರದು. ಗೆದ್ದಲಿನ ಮೇಲೆ ಕಣ್ಣಿರಲಿ. ಎರಡು ಮೂರು ತಿಂಗಳಿಗೆ ಒಂದು ತುದಿ ಕೊಯ್ದು ನೋಡಬೇಕು. ಗೆರೆ ಮೂಡಿದ ಕೂಡಲೇ ಹಲಗೆ ಕೊಯ್ದು, ನಡುವೆ ತೆಳು ಕಡ್ಡಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಬೇಕು. ಅಂಗುಲ ದಪ್ಪಕ್ಕೆ ಒಂದು ವರ್ಷ ಒಣಗಬೇಕೆಂಬುದು ಮರಗೆಲಸದವರ ಸ್ಥೂಲ ಲೆಕ್ಕ. ತೇವ ಶೇ 20ಕ್ಕಿಂತ ಕೆಳಗಿಳಿದರೆ ಶಿಲೀಂಧ್ರದ ಆಟ ನಿಲ್ಲುತ್ತದೆ. ಪಾಮನಕಲ್ಲೂರಿನ ಬಿಸಿಲು ಒಮ್ಮೆಯಾದರೂ ಉಪಕಾರಿಯಾಗುವುದು ಇಲ್ಲಿಯೇ!

ಹಲಗೆ ಆರಿಸುವಾಗ ಹೆಬ್ಬೆರಳ ಉಗುರು ಒತ್ತಿ ನೋಡಬೇಕು. ಉಗುರು ಒಳಗಿಳಿದರೆ ಅದು ನಿಜವಾಗಿಯೂ ಒಲೆಯ ಪಾಲು. ಉಜ್ಜುವಾಗ ಏಳುವ ದೂಳಿನಲ್ಲಿ ಬೂಷ್ಟಿನ ಕಣಗಳಿರುವುದರಿಂದ ಮೂಗು ಬಾಯಿಗೆ ಮುಸುಕು ಬೇಕೇ ಬೇಕು. ಉಬ್ಬಸ ಇರುವ ಮಕ್ಕಳು ಹತ್ತಿರ ಸುಳಿಯಬಾರದು. ಮಂಚದ ಕಾಲಿನಡಿ ಚಪ್ಪಟೆ ಕಲ್ಲಿಟ್ಟು, ತೇವದ ಗೋಡೆಯಿಂದ ದೂರವಿರಿಸಿದರೆ ಗೆದ್ದಲೂ ಬೂಷ್ಟೂ ದೂರ. ಇನ್ನೊಂದು ಮಾತು: ಇದಕ್ಕಾಗಿ ನಿಂತ ಮರ ಕಡಿಯುವ ಅಗತ್ಯವಿಲ್ಲ. ರಸ್ತೆ ಬದಿಯಲ್ಲಿ ಬಿದ್ದ ಮರವಾದರೆ ಮುಟ್ಟುವ ಮೊದಲು ಅರಣ್ಯ ಇಲಾಖೆಯನ್ನು ಕೇಳುವುದು ಒಳ್ಳೆಯದು.

ಹತ್ತನೆಯ ತರಗತಿ ಮುಗಿಸಿದ ಮಗ ಬಡಿಗತನ ಕಲಿಯುತ್ತೇನೆಂದರೆ ಎಷ್ಟೋ ತಂದೆತಾಯಿಗಳ ಮುಖ ಬಾಡುತ್ತದೆ. ಉಳಿ ಹಿಡಿಯುವುದು ಓದು ಹತ್ತದವರ ಪಾಡೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಈ ಒಂದು ಹಲಗೆಯಲ್ಲಿ ಎಷ್ಟು ಪಾಠವಿದೆ! ಶಿಲೀಂಧ್ರದ ಬದುಕು ಜೀವಶಾಸ್ತ್ರ. ಶೇಕಡಾ ತೇವ ಗಣಿತ. ಮೂಲೆಮಟ್ಟದ ತೊಂಬತ್ತು ಡಿಗ್ರಿ ರೇಖಾಗಣಿತ. ಹಟ್ಟಿಯ ಮರದ ತುಂಡು ಇತಿಹಾಸ. ಪುಸ್ತಕದಲ್ಲಿ ಓದಿದ್ದು ಕೈಗೆ ಇಳಿದಾಗ ಓದು ಕಡಿಮೆಯಾಗುವುದಿಲ್ಲ, ಗಟ್ಟಿಯಾಗುತ್ತದೆ.

ಮುಂದಿನ ಮಳೆಗಾಲ ಮುಗಿದ ಮೇಲೆ ಹಿತ್ತಿಲಿನ ಹುಣಸೆ ತುಂಡಿಗೆ ಕೊಡಲಿ ಎತ್ತುವ ಮುನ್ನ ಮಕ್ಕಳನ್ನು ಕರೆದು ಒಂದು ತುದಿ ಕೊಯ್ದು ನೋಡಿ. ಊರಿನ ಹಿರಿಯ ಬಡಿಗರನ್ನೂ ಕರೆಯಿರಿ. ಗೆರೆಯಿದ್ದರೆ ಅದರಿಂದ ಏನು ಮಾಡಬಹುದೆಂದು ಅವರ ಕೈ ಹೇಳುತ್ತದೆ. ಕೇಳಿಸಿಕೊಳ್ಳುವ ಹುಡುಗನೊಬ್ಬ ಪಕ್ಕದಲ್ಲಿದ್ದರೆ ಒಲೆ ಸೇರಬೇಕಾದ ತುಂಡು ಅವನ ತಲೆದೆಸೆಯ ಹಲಗೆಯಾದೀತು.