ಅಳುವ ಮೊದಲೇ ಔಷಧಿ

ಪ್ರೀತಿಯ ಗೆಳತಿ,

ಪಿರಿಯಾಪಟ್ಟಣದಿಂದ ನೀವು ಬರೆದ ಕಾಗದ ತಲುಪಿತು. ಮುಂದಿನ ವಾರ ಮೈಸೂರಿನಲ್ಲಿ ಮೊಮ್ಮಗನ ಸೀಳು ಅಂಗುಳದ ಆಪರೇಷನ್. ಮಾತು ಬಾರದ ಕೂಸಿನ ನೋವು ನಮಗೆ ಹೇಗೆ ತಿಳಿಯಬೇಕು ಅಂತ ಕೇಳಿದ್ದೀರಿ.

ನನ್ನ ಮಗಳ ಅಂಗುಳ ಹೊಲಿಸಿ ಕೆ.ಆರ್. ನಗರದ ತವರಿಗೆ ಕರೆತಂದ ರಾತ್ರಿ, ಮಲಗಿದ ಮಗುವನ್ನು ಯಾಕೆ ಎಬ್ಬಿಸಬೇಕು ಅಂತ ಒಂದು ಹೊತ್ತಿನ ಔಷಧಿ ತಪ್ಪಿಸಿದೆ. ನಡುರಾತ್ರಿ ಎದ್ದು ಅತ್ತವಳನ್ನು ಸುಧಾರಿಸಲು ಬೆಳಗಾಯಿತು. ನೋವು ಒಮ್ಮೆ ಏರಿತೆಂದರೆ ಔಷಧಿ ಅದರ ಹಿಂದೆ ಓಡಬೇಕಾಗುತ್ತದೆ. ನೋವಿದ್ದರೆ ಮಗು ನುಂಗುವುದಿಲ್ಲ, ನುಂಗದಿದ್ದರೆ ಬಾಯಿ ಒಣಗಿ ಇನ್ನಷ್ಟು ನೋವು. ಅದಕ್ಕೇ ಮೊದಲ ಎರಡು ಮೂರು ದಿನ ಅಳುವಿಗೆ ಕಾಯದೆ ಗಡಿಯಾರ ನೋಡಿ ಕೊಡಿ. ಕೊಟ್ಟ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಆಗ ಅಮ್ಮ ಒಮ್ಮೆ, ಅಜ್ಜಿ ಇನ್ನೊಮ್ಮೆ ಕೊಡುವ ಎಡವಟ್ಟೂ ಆಗದು.

ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ದಾಟುವಂತಿಲ್ಲ. ಎಂಟು ಕಿಲೋ ಕೂಸಿಗೆ 120 ಮಿಲಿಗ್ರಾಂ ಆಯಿತು. ಮೋಸ ಹೋಗುವುದು ಸೀಸೆಯಲ್ಲಿ. 5 ಎಂ.ಎಲ್.ಗೆ 125 ಇರುವ ಸಿರಪ್ ಆದರೆ ಹತ್ತಿರ ಹತ್ತಿರ 5 ಎಂ.ಎಲ್., 250 ಇರುವುದಾದರೆ ಅದರರ್ಧ, ಒಂದೇ ಎಂ.ಎಲ್.ಗೆ 100 ಇರುವ ಡ್ರಾಪ್ಸ್ ಆದರೆ ಬರೀ 1.2 ಎಂ.ಎಲ್. ಡಾಕ್ಟರ ಚೀಟಿಯೇ ಕೊನೆಯ ಮಾತು. ಹುಣಸೂರಿನಲ್ಲಿ ಕೊಂಡರೂ ಎಚ್.ಡಿ. ಕೋಟೆಯಲ್ಲಿ ಕೊಂಡರೂ ಚೀಟಿಯನ್ನೂ ಸೀಸೆಯನ್ನೂ ಅಕ್ಕಪಕ್ಕ ಇಟ್ಟು ಓದಿಸಿ. ಅಡುಗೆ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಐಬುಪ್ರೊಫೆನ್ ಡಾಕ್ಟರು ಬರೆದರೆ ಮಾತ್ರ. ನಿಮೆಸುಲೈಡ್ ಮಾತ್ರ ಬೇಡವೇ ಬೇಡ. 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಸರ್ಕಾರ 2011ರಲ್ಲೇ ನಿಷೇಧಿಸಿದೆ.

ಇನ್ನು ನಿಮ್ಮ ಪ್ರಶ್ನೆ. ಆಸ್ಪತ್ರೆಯವರು ಮುಖ, ಕಾಲು, ಮೈಯ ಚಡಪಡಿಕೆ, ಅಳು, ಸಮಾಧಾನವಾಗುವ ಬಗೆ ಈ ಐದನ್ನು ನೋಡಿ, ಒಂದೊಂದಕ್ಕೂ ಎರಡರವರೆಗೆ ಅಂಕ ಕೊಟ್ಟು ನೋವು ಅಳೆಯುತ್ತಾರೆ. ಕೊನೆಯದು ನಮ್ಮಂಥವರಿಗೆ ಬೇಗ ತಿಳಿಯುತ್ತದೆ. ಬಾಯಿಗೆ ಕೈ ಹೋಗದಂತೆ ಮೊಣಕೈಗೆ ಪಟ್ಟಿ ಕಟ್ಟಿದ್ದರೆ ಆ ಸಿಟ್ಟಿಗೂ ಮಗು ಅಳುತ್ತದೆ. ಎತ್ತಿಕೊಂಡು ಓಡಾಡಿದರೆ ಅದು ತಣಿಯುತ್ತದೆ. ನೋವಿನ ಅಳು ಹಾಗೆ ಬೇಗ ತಣಿಯದು. ಹುಬ್ಬು ಗಂಟಿಕ್ಕಿ ಕಾಲು ಮಡಚಿ ಸುಮ್ಮನೆ ಮಲಗಿದ ಕೂಸಿಗೂ ನೋವಿರಬಹುದು.

ಅತ್ತರೆ ಎದೆ ಗಟ್ಟಿಯಾಗುತ್ತದೆ ಅನ್ನುವ ಹಿರಿಯರ ಮೇಲೆ ಬೇಸರಿಸಬೇಡಿ. 1980ರ ದಶಕದವರೆಗೂ ಎಷ್ಟೋ ವೈದ್ಯರೇ ಎಳೆಗೂಸುಗಳಿಗೆ ನೋವು ಅಷ್ಟಾಗಿ ತಿಳಿಯದು ಅಂದುಕೊಂಡಿದ್ದರು. ಕನ್ವಲ್‌ಜೀತ್ ಸಿಂಗ್ ಆನಂದ್ ಎಂಬ ವೈದ್ಯರು ಮತ್ತು ಸಂಗಡಿಗರು 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಆಪರೇಷನ್ ಹೊತ್ತಿನಲ್ಲಿ ನೋವು ತಡೆಯುವ ಔಷಧಿ ಸಿಕ್ಕ ಅವಧಿಗೆ ಮುನ್ನ ಹುಟ್ಟಿದ ಶಿಶುಗಳು ಹೆಚ್ಚು ಚೆನ್ನಾಗಿ ಚೇತರಿಸಿಕೊಂಡದ್ದನ್ನು ತೋರಿಸಿದರು.

ಔಷಧಿ ಕೊಟ್ಟು ಅರ್ಧ ಗಂಟೆ ಬಿಟ್ಟು ಹಾಲು ಅಥವಾ ಸೋಸಿದ ತೆಳು ರಾಗಿ ಸರಿ ಕುಡಿಸಿ, ಮೇಲೆ ಒಂದು ಗುಟುಕು ನೀರು. ಒಳಲೆ ಬಳಸಬಹುದೇ ಅಂತ ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ, ಅದರ ಮೂತಿ ಹೊಲಿಗೆಗೆ ತಾಗಬಾರದು. ಬಾಯಲ್ಲಿ ಹೊಸ ರಕ್ತ ಕಂಡರೆ, ಪದೇ ಪದೇ ಗುಟುಕರಿಸುತ್ತಿದ್ದರೆ, ಉಸಿರು ಎಳೆದರೆ, ಉಚ್ಚೆ ಕಡಿಮೆಯಾದರೆ ಬೆಳಗಾಗುವವರೆಗೆ ಕಾಯದೆ ಹೊರಡಿ.

ಮನೆಗೆ ಬರುವ ದಿನ ಮೈಸೂರಿನಿಂದ ಹುಣಸೂರು ಮಾರ್ಗವಾಗಿ ಸುಮಾರು 70 ಕಿಲೋಮೀಟರ್ ದಾರಿ. ಔಷಧಿ ಹೊತ್ತು ನಡುದಾರಿಯಲ್ಲಿ ಬಂದೀತು. ಸೀಸೆ, ಸಿರಿಂಜು ನಿಮ್ಮ ಕೈಚೀಲದಲ್ಲೇ ಇರಲಿ. ಮುಟ್ಟಿದ ಕೂಡಲೇ ಒಂದು ಫೋನ್ ಮಾಡಿ.

ನಿಮ್ಮ ಗೆಳತಿ