ತಾಯಿಯನ್ನು ದೂರುವ ಮುನ್ನ

ಕಳೆದ ಭಾನುವಾರ ನಾವು ಆರು ವರ್ಷಗಳ ಬಳಿಕ ಮತ್ತೆ ಜೋಗಿಮಟ್ಟಿಗೆ ಹೋಗಿದ್ದೆವು. ನಮ್ಮ ಮಗ ಮುಂದೆ ಮುಂದೆ ಓಡುತ್ತಾ ಗುಡ್ಡಸಾಲಿನ ಗಾಳಿಯಂತ್ರಗಳನ್ನು ಎಣಿಸುತ್ತಿದ್ದನು. ಇಷ್ಟು ವರ್ಷ ನಾವು ಈ ದಾರಿಯನ್ನು ತುಳಿಯದಿರಲು ಒಂದು ಕಾರಣವಿತ್ತು.

ಅವನು ಐದು ತಿಂಗಳ ಗರ್ಭದಲ್ಲಿದ್ದಾಗ ನಾವು ಇಲ್ಲಿಗೆ ಬಂದಿದ್ದೆವು. ಹುಟ್ಟಿ ಎರಡು ದಿನ ಕಳೆದರೂ ಅವನಿಗೆ ಮಲವಿಸರ್ಜನೆಯಾಗಲಿಲ್ಲ. ಹೊಟ್ಟೆ ಉಬ್ಬಿತು, ಹಸಿರು ವಾಂತಿಯಾಯಿತು. ವೈದ್ಯರು ಅದನ್ನು ಹಿರ್ಷ್‌ಸ್ಪ್ರಂಗ್ ಕಾಯಿಲೆ ಎಂದರು. ಬಂಧುಗಳು ಮಾತ್ರ, "ಬಸುರಿ ಕಾಡುಗುಡ್ಡ ಹತ್ತಬಾರದಿತ್ತು" ಎಂದು ತೀರ್ಪಿತ್ತರು. ಮಗುವಿನ ತಾಯಿ ಅದನ್ನೇ ನಂಬಿ ಕಣ್ಣೀರಿಟ್ಟಳು.

ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ನಮಗೆ ವಿವರಿಸಿದರು. ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುವ ಕೊಳವೆಯೊಂದು ಭ್ರೂಣದ ಬೆನ್ನಿನಲ್ಲಿರುತ್ತದೆ. ಅದರ ಅಂಚಿನಲ್ಲಿ ಹುಟ್ಟಿದ ಕೆಲವು ಜೀವಕೋಶಗಳು ನಾಲ್ಕನೆಯ ವಾರದಲ್ಲಿ ಕರುಳನ್ನು ಹೊಕ್ಕು, ಏಳನೆಯ ವಾರದ ಹೊತ್ತಿಗೆ ಅದರ ತುದಿ ಮುಟ್ಟುತ್ತವೆ. ಅವುಗಳಿಗೆ ಕಣ್ಣಿಲ್ಲ, ದಾರಿ ತೋರುವವರು ಕಾಣುವುದಿಲ್ಲ. ಕರುಳಿನ ಗೋಡೆಯು ಜಿಡಿಎನ್ಎಫ್ ಎಂಬ ಪ್ರೋಟೀನನ್ನು ಸ್ರವಿಸುತ್ತದೆ. ಈ ಕೋಶಗಳ ಮೈಮೇಲಿನ ರೆಟ್ ಎಂಬ ಗ್ರಾಹಕವು ಆ ಸಂಕೇತವನ್ನು ಒಳಕ್ಕೆ ಮುಟ್ಟಿಸುತ್ತದೆ. ಅದು ಅವನ್ನು ಬದುಕಿಸುತ್ತದೆ, ಹೆಚ್ಚಿಸುತ್ತದೆ, ಮುಂದಕ್ಕೆ ಸೆಳೆಯುತ್ತದೆ. ಹೀಗೆ ತಲುಪಿದ ಕೋಶಗಳೇ ಕರುಳಿನ ಚಲನೆಯನ್ನು ನಡೆಸುವ ನರಗಳಾಗುತ್ತವೆ. ಪಯಣ ನಡುವೆ ನಿಂತರೆ ಕೊನೆಯ ಭಾಗ ನರಗಳಿಲ್ಲದೆ ಬಿಗಿದುಕೊಂಡೇ ಉಳಿಯುತ್ತದೆ. ಸುಮಾರು 5000 ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಡೆನ್ಮಾರ್ಕಿನ ವೈದ್ಯ ಹೆರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ಇದನ್ನು ವಿವರಿಸಿದ್ದರು. ಅನೇಕ ರೋಗಿಗಳಲ್ಲಿ ರೆಟ್ ಜೀನಿನ ವ್ಯತ್ಯಾಸವೇ ಇದಕ್ಕೆ ಕಾರಣವೆಂದು ನಂತರ ತಿಳಿದುಬಂತು.

ನಾವು ಲೆಕ್ಕ ಹಾಕಿದೆವು. ನಾವು ಗುಡ್ಡ ಹತ್ತುವ ತಿಂಗಳುಗಳ ಮೊದಲೇ ಆ ಪಯಣದ ಕಾಲ ಮುಗಿದುಹೋಗಿತ್ತು. ಆ ತಾಯಿಯ ಮೇಲೆ ಹೊರಿಸಿದ ಅಪವಾದಕ್ಕೆ ಆಧಾರವೇ ಇರಲಿಲ್ಲ.

ತ್ವಾಹಾ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ) ಫಿರ್‌ಔನನಿಗೆ ತಮ್ಮ ಪ್ರಭುವನ್ನು ಪರಿಚಯಿಸುವಾಗ ಸೃಷ್ಟಿಯ ಜೊತೆಗೆ ಮಾರ್ಗದರ್ಶನವನ್ನೂ ಹೇಳುತ್ತಾರೆ. ಆ ಚಿತ್ರವನ್ನು ಕಂಡ ದಿನದಿಂದ ನಾವು ಆ ಮಾತನ್ನು ಹೊಸದಾಗಿ ಓದುತ್ತಿದ್ದೇವೆ. ನಮ್ಮ ಮಗುವಿನ ಕೋಶಗಳು ದಾರಿಯಲ್ಲೇ ನಿಂತುದರ ಹಿಂದಿನ ಯುಕ್ತಿಯನ್ನು ಅಲ್ಲಾಹನೇ ಬಲ್ಲನು. ನರವಿಲ್ಲದ ಭಾಗವನ್ನು ತೆಗೆದು ಕರುಳನ್ನು ಮರಳಿ ಜೋಡಿಸುವ ವಿದ್ಯೆಯನ್ನು ಮನುಷ್ಯನಿಗೆ ಕರುಣಿಸಿದವನೂ ಅವನೇ.

ಸಹೋದರ ಸಹೋದರಿಯರೇ, ಅನಾರೋಗ್ಯದ ಮಗುವನ್ನು ನೋಡಲು ಹೋದಾಗ ಆ ತಾಯಿಗಾಗಿ ದುಆ ಮಾಡಿರಿ. ತಿಳಿಯದ ವಿಷಯದಲ್ಲಿ ತೀರ್ಪು ಕೊಡದಿರಿ. ಅಂದಿನ ಒಂದು ಮಾತಿಗೆ ಅಂಜಿ ಆರು ವರ್ಷ ಗುಡ್ಡದತ್ತ ಮುಖ ಮಾಡದಿದ್ದ ಆಕೆ, ಮೊನ್ನೆ ಮಗನ ಕೈಹಿಡಿದು ಜೋಗಿಮಟ್ಟಿಯನ್ನು ಹತ್ತಿದಳು. ಅಲ್‌ಹಮ್ದುಲಿಲ್ಲಾಹ್.