ಒಂದು ಮನೆಗೆ ಇಬ್ಬರು ಕಾವಲುಗಾರರು

ಡಾಕ್ಟರು ಬರೆದರೆ ಸಕ್ಕರೆ ಕಾಯಿಲೆಯ ಬಗ್ಗೆಯೋ ರಕ್ತದೊತ್ತಡದ ಬಗ್ಗೆಯೋ ಬರೆಯಬೇಕೆಂಬುದು ವಾಡಿಕೆ. ಆದರೆ ಈ ಸಲ ನಮ್ಮ ಮನೆಯಲ್ಲಿ ಕಾಯಿಲೆ ಬಿದ್ದದ್ದು ಕಂಪ್ಯೂಟರ್.

ಸಮಾಮಿಶ್‌ನಲ್ಲಿದ್ದುಕೊಂಡು ಕಂಪ್ಯೂಟರಿನ ಚಿಂತೆಯೇ ಎಂದು ದೂರದ ಊರಿನವರು ಕೇಳಬಹುದು. ಮೈಕ್ರೋಸಾಫ್ಟ್‌ನ ರೆಡ್ಮಂಡ್ ನಮಗೆ ಪಕ್ಕದ ಊರು. ನಮ್ಮ ಬೀದಿಯಲ್ಲಿ ಕಲ್ಲೆಸೆದರೆ ಯಾವನಾದರೂ ಸಾಫ್ಟ್‌ವೇರ್ ಇಂಜಿನಿಯರನ ತಲೆಯ ಮೇಲೇ ಬೀಳಬೇಕು. ಆದರೆ ದೀಪದ ಬುಡದಲ್ಲೇ ಕತ್ತಲೆ ನೋಡಿ. ಗಣೇಶನ ಹಬ್ಬದ ಊಟದಲ್ಲಿ ಮೂವರನ್ನು ವಿಚಾರಿಸಿದೆವು. ಒಬ್ಬರದು ಕ್ಲೌಡ್, ಇನ್ನೊಬ್ಬರದು ಆಟಗಳ ವಿಭಾಗ. ಮೂರನೆಯವರು ಕಡುಬು ಬಡಿಸಿಕೊಳ್ಳುತ್ತಾ, "ನಾನು ಮ್ಯಾನೇಜರ್ ಆಗಿ ಹತ್ತು ವರ್ಷವಾಯ್ತು ಡಾಕ್ಟ್ರೇ, ಈಗ ಮೀಟಿಂಗ್ ಬಿಟ್ಟು ಬೇರೇನೂ ಬರೋದಿಲ್ಲ" ಎಂದರು. ನಗುವ ಹಾಗಿಲ್ಲ. ಅದೇ ಪಂಕ್ತಿಯಲ್ಲಿ ಮಂಡಿನೋವಿನ ಬಗ್ಗೆ ಕೇಳಿದವರಿಗೆ ನಾವೂ "ಅದು ನಮ್ಮ ವಿಭಾಗವಲ್ಲ" ಎಂದೇ ಜಾರಿಕೊಂಡಿದ್ದೆವು.

ವಿಷಯ ಹೀಗೆ. ನಮ್ಮ ಮಾವನವರು ಮೈಸೂರಿನಿಂದ ಬಂದಿದ್ದಾರೆ. ವಯಸ್ಸು 84, ನಿವೃತ್ತ ಹೈಸ್ಕೂಲು ಹೆಡ್‌ಮಾಸ್ಟರು. ಅತ್ತೆಯವರು ಹೋದ ಮೇಲೆ ಅವರ ನೆನಪುಗಳನ್ನು ಮೊಮ್ಮಕ್ಕಳಿಗಾಗಿ ಬರೆಯುತ್ತಿದ್ದಾರೆ. ಬೆಳಿಗ್ಗೆ ಕಾಫಿಯಾದ ಮೇಲೆ ಕಂಪ್ಯೂಟರಿನ ಮುಂದೆ ಎರಡು ಗಂಟೆ. ಊರಿನಲ್ಲಿ ಕಲಿತ ಹಳೆಯ ಕನ್ನಡ ಬೆರಳಚ್ಚು ತಂತ್ರಾಂಶವನ್ನೇ ಇಲ್ಲಿಯೂ ಹಾಕಿಸಿಕೊಂಡಿದ್ದರು. ಇದ್ದಕ್ಕಿದ್ದಂತೆ ನಾಲ್ಕು ದಿನ ಆ ಕಡೆ ತಲೆ ಹಾಕಲಿಲ್ಲ. ಹಿತ್ತಲಲ್ಲಿ ಕುಳಿತು ಫರ್ ಮರಗಳನ್ನು ನೋಡುತ್ತಿದ್ದರು. ಐದನೆಯ ದಿನ ಮಗಳ ಹತ್ತಿರ, "ನಾನೇನೋ ಒತ್ತಿಬಿಟ್ಟೆ ಕಣಮ್ಮ, ಎಲ್ಲ ಹೋಯಿತು. ಅಳಿಯಂದಿರಿಗೆ ಹೇಳಬೇಡ, ಪಾಪ, ಸುಸ್ತಾಗಿ ಬರ್ತಾರೆ" ಎಂದರಂತೆ.

ಹೋಗಿ ನೋಡಿದರೆ ಆ ತಂತ್ರಾಂಶವೇ ಮಾಯ. ಬರೆದಿಟ್ಟ ಕಡತ ನೋಟ್‌ಪ್ಯಾಡಿನಲ್ಲಿ ತೆರೆದುಕೊಂಡು, ಅತ್ತೆಯವರ ಜೀವನವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಯೂನಿಕೋಡ್‌ಗೆ ಮುಂಚಿನ ಕನ್ನಡ ಅಕ್ಷರಶೈಲಿಗಳ ಹಣೆಬರಹವೇ ಇದು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿರುತ್ತವೆ. ಆ ಅಕ್ಷರಶೈಲಿಯಲ್ಲಿ ನೋಡಿದರೆ ಕನ್ನಡ, ಇಲ್ಲದಿದ್ದರೆ ಕಸ. ಒಳಗಿನ ಬರಹಕ್ಕೆ ಏನೂ ಆಗಿರುವುದಿಲ್ಲ. ಆದರೆ 84 ವರ್ಷದವರಿಗೆ ಅದು ಹೇಗೆ ತಿಳಿಯಬೇಕು?

ರೋಗಿಯ ಪೂರ್ವೇತಿಹಾಸ ಕೇಳುವುದೇ ಅರ್ಧ ವೈದ್ಯ ಎಂದು ನಮಗೆ ಮೇಷ್ಟ್ರುಗಳು ಹೇಳಿಕೊಟ್ಟಿದ್ದರು. ಹುಡುಕಿದಾಗ ಸಿಕ್ಕಿದ್ದು ಒಂದಲ್ಲ, ಎರಡು ಆಂಟಿವೈರಸ್. ಒಂದು ಅಂಗಡಿಯಿಂದ ಬರುವಾಗಲೇ ಯಂತ್ರದೊಳಗೆ ಕುಳಿತು ಬಂದದ್ದು. ಇನ್ನೊಂದನ್ನು ಇಂಟರ್ನೆಟ್ ರಿಪೇರಿಗೆ ಬಂದಿದ್ದ ಹುಡುಗ "ಉಚಿತ" ಎಂದು ಹಾಕಿ ಹೋಗಿದ್ದು.

ಈ ಕಾವಲುಗಾರರ ಕೆಲಸದ ರೀತಿ ಹೀಗಿದೆ. ಯಾವುದೇ ಕಡತ ತೆರೆಯುವ ಮುನ್ನ ಅದನ್ನು ಬಾಗಿಲಲ್ಲಿ ತಡೆದು ತಪಾಸಣೆ ಮಾಡುತ್ತಾರೆ. ಇಬ್ಬರಿದ್ದರೆ ಒಬ್ಬನು ಪರೀಕ್ಷಿಸಲು ಕಡತ ತೆರೆದದ್ದನ್ನು ಕಂಡು ಇನ್ನೊಬ್ಬನು "ಯಾರಲ್ಲಿ?" ಎನ್ನುತ್ತಾನೆ. ವೈರಸ್ಸನ್ನು ಗುರುತಿಸಲೆಂದು ಒಬ್ಬ ಇಟ್ಟುಕೊಂಡ ಗುರುತಿನ ಚಿಹ್ನೆಗಳನ್ನೇ ಇನ್ನೊಬ್ಬ ವೈರಸ್ಸೆಂದು ಭ್ರಮಿಸುವುದೂ ಉಂಟು. ಯಜಮಾನ ಮಾತ್ರ ಬಾಗಿಲಲ್ಲೇ ನಿಂತಿರಬೇಕು. ಕಂಪ್ಯೂಟರ್ ತಿಂಗಳಿಂದ ಆಮೆಯಾದದ್ದು ಏಕೆಂದು ಆಗ ತಿಳಿಯಿತು.

ಇನ್ನು ಕನ್ನಡ ತಂತ್ರಾಂಶದ ಅಪರಾಧವೇನು? ನಾವು ಒತ್ತುವ ಪ್ರತಿಯೊಂದು ಕೀಲಿಯನ್ನೂ ಅದು ನಡುವೆ ಹಿಡಿದು ಕನ್ನಡವಾಗಿ ಬದಲಿಸುತ್ತದೆ. ಪಾಸ್‌ವರ್ಡ್ ಕದಿಯುವ ಕಳ್ಳ ತಂತ್ರಾಂಶವೂ ಕೀಲಿಗಳನ್ನು ಹಾಗೆಯೇ ಹಿಡಿಯುತ್ತದೆ. ಒಬ್ಬ ಕಾವಲುಗಾರ ಅನುಮಾನದ ಮೇಲೆ ಅದನ್ನು ಹಿಡಿದು ಕ್ವಾರಂಟೈನಿಗೆ ತಳ್ಳಿದ್ದ. ನಮ್ಮ ಮಾತನ್ನೇ ಎರವಲು ಪಡೆದಿದ್ದಾರಲ್ಲ ಎಂದು ಸಮಾಧಾನವಾಯಿತು. ಪ್ರತ್ಯೇಕವಾಗಿಡುವುದು ಬೇರೆ, ಕೊಲ್ಲುವುದು ಬೇರೆ.

ಚಿಕಿತ್ಸೆ ಒಂದು ಭಾನುವಾರ ಹಿಡಿಯಿತು. ಮೊದಲು ಕಡತದ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ತೆಗೆದೆವು. ಆಮೇಲೆ ಎರಡೂ ಆಂಟಿವೈರಸ್‌ಗಳನ್ನು ಬಿಡುಗಡೆ ಮಾಡಿದೆವು. ಸೆಟ್ಟಿಂಗ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಎಂದರೆ ಇವು ಪೂರ್ತಿ ಹೋಗುವುದಿಲ್ಲ, ಬೇರು ಉಳಿಯುತ್ತದೆ. ಬಹಳಷ್ಟು ಕಂಪನಿಗಳು ತಮ್ಮದನ್ನು ಕಿತ್ತುಹಾಕಲೆಂದೇ ಬೇರೆ ಉಪಕರಣ ಕೊಡುತ್ತವೆ. ಅದನ್ನು ಓಡಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು. 2012ರ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತದೆ. ಹೊರಗಿನವನು ಬಂದರೆ ಅದು ಮರ್ಯಾದೆಯಾಗಿ ಪಕ್ಕಕ್ಕೆ ಸರಿಯುತ್ತದೆ, ಹೊರಗಿನವನು ಹೋದರೆ ತಾನೇ ಮತ್ತೆ ಎದ್ದು ನಿಲ್ಲುತ್ತದೆ. ನಮ್ಮಂಥ ಮನೆಗೆ ಅಷ್ಟು ಸಾಕೆಂಬುದು ನಮ್ಮ ಅಭಿಪ್ರಾಯ. ಕನ್ನಡ ತಂತ್ರಾಂಶವನ್ನು ತಯಾರಕರ ಮೂಲ ತಾಣದಿಂದಲೇ ಹೊಸದಾಗಿ ತಂದು, ಡಿಫೆಂಡರ್‌ನಿಂದ ಪರೀಕ್ಷೆ ಮಾಡಿಸಿ ಹಾಕಿದೆವು. ಅದು ಚಕಾರವೆತ್ತಲಿಲ್ಲ. ಬರಹದ್ದೊಂದು ಯೂನಿಕೋಡ್ ಪ್ರತಿಯನ್ನೂ ಮಾಡಿಟ್ಟೆವು.

ಕಾವಲುಗಾರನೇ ಮನೆ ಕೆಡಿಸುವುದು ನಮ್ಮಂಥ ಬಡಪಾಯಿಗಳಿಗೆ ಮಾತ್ರ ಆಗುವುದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ವಿಮಾನಗಳು ರದ್ದಾದವು, ಈ ದೇಶದ ಕೆಲವು ಆಸ್ಪತ್ರೆಗಳು ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು.

ಇಷ್ಟಾದ ಮೇಲೆ ನಮಗೆ ವೃತ್ತಿಬುದ್ಧಿ ಕೆರಳಿ, ಮಾವನವರ ಮಾತ್ರೆಗಳ ಬಟ್ಟೆಚೀಲವನ್ನೂ ಬಿಚ್ಚಿಸಿದೆವು. ಅದರಲ್ಲಿ ಕ್ರೋಸಿನ್, ಡೋಲೋ, ಇಲ್ಲಿಯ ಟೈಲೆನಾಲ್ ಮೂರೂ ಇದ್ದವು. "ಇದು ಜ್ವರಕ್ಕೆ, ಇದು ಮೈಕೈ ನೋವಿಗೆ, ಇದು ಅಮೆರಿಕದ್ದು" ಎಂದು ವಿವರಿಸಿದರು. ಮೂರೂ ಒಂದೇ ಪ್ಯಾರಾಸಿಟಮಾಲ್. ಇಲ್ಲಿ ಅದಕ್ಕೆ ಅಸೆಟಮಿನೋಫೆನ್ ಎಂಬ ಹೆಸರು, ಅಷ್ಟೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೇಲ್ಮಿತಿ, ವೃದ್ಧರಿಗೆ ಹಲವೊಮ್ಮೆ ಇನ್ನೂ ಕಡಿಮೆ. ಮೀರಿದರೆ ಪಿತ್ತಜನಕಾಂಗಕ್ಕೆ ಪೆಟ್ಟು. ತಂದೆತಾಯಿಯರನ್ನು ಕರೆಸಿಕೊಂಡ ಸದಸ್ಯರು ದಯವಿಟ್ಟು ಆ ಚೀಲವನ್ನೊಮ್ಮೆ ನೋಡಿ.

ಮಾವನವರು ಈಗ 41ನೆಯ ಪುಟದಲ್ಲಿದ್ದಾರೆ. ತರೀಕೆರೆಗೆ ವರ್ಗವಾಗಿ, ಅತ್ತೆಯವರು ಬಾಡಿಗೆ ಮನೆಯಲ್ಲಿ ಹಾಲುಕ್ಕಿಸುವ ಜಾಗಕ್ಕೆ ಕಥೆ ಬಂದಿದೆಯಂತೆ. ಅಕ್ಟೋಬರ್ ಕೊನೆಗೆ ಅವರ ಟಿಕೆಟ್. ಪೆನ್‌ಡ್ರೈವ್ ಎರಡು ಸಿದ್ಧವಾಗಿವೆ, ಒಂದು ಅವರ ಚೀಲಕ್ಕೆ, ಒಂದು ನಮ್ಮ ಬೀರುವಿಗೆ.